ಶೋಧನೆ ಎಂಬ ಮಾತು

೧೯೯೮ರ ಮಾರ್ಚ್ ಹನ್ನೊಂದು, ಬುಧವಾರ, ಬೆಳಿಗ್ಗೆ ಐದೂವರೆ. ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ನಡುಮನೆ. ಪ್ರಾರ್ಥನೆಗೆ ಹಾಜರಿದ್ದವರು ಇಬ್ಬರು, ನಾನು ಮತ್ತು ನನ್ನ ತಂಗಿ. ಗೋಡೆಯ ಆಚೆ, ತಮ್ಮ ಅಡುಗೆಮನೆಯಲ್ಲಿ, ಮನೆಯ ಒಡತಿ ಇದ್ದರು. ಅವರು ನಮ್ಮ ಪ್ರಾರ್ಥನೆಗೆ ಸೇರಿದವರಲ್ಲ. ಆದರೆ ಗೋಡೆ ತೆಳುವಾದ್ದರಿಂದ ಹಾಜರಿಯಲ್ಲಿ ಅವರನ್ನೂ ಬರೆದುಕೊಳ್ಳುವುದು ನ್ಯಾಯ.

ನಾನು ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. ಕೊನೆಯ ಹದಿನಾಲ್ಕು ವರ್ಷ ವಾರ್ಡಿನ ಸಿಸ್ಟರ್ ಆಗಿದ್ದೆ. ಅದಕ್ಕೂ ಮೊದಲು ಮಿಷನ್ ಬೋರ್ಡಿಂಗಿನಲ್ಲಿ, ಗಂಟೆ ಬಾರಿಸಿದರೆ ಎದ್ದು, ಗಂಟೆ ಬಾರಿಸಿದರೆ ಉಂಡು ಬೆಳೆದವಳು. ನಿವೃತ್ತಳಾದ ಮೇಲೂ ಗಂಟೆ ನನ್ನೊಳಗೆ ಬಾರಿಸುತ್ತಲೇ ಇತ್ತು. ಮದುವೆಯಾಗಲಿಲ್ಲ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು, ಬಸವನಗುಡಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವಳು ಒಂದು ತಗಡಿನ ಪೆಟ್ಟಿಗೆ, ಎರಡು ಚೀಲ ಹಿಡಿದು ನನ್ನ ಬಳಿಗೆ ಬಂದು ಆಗ ಮೂರು ವರ್ಷವಾಗಿತ್ತು.

ಬೆಳಿಗ್ಗೆ ಒಂದು ವಾಕ್ಯ ಓದುತ್ತೇವೆ, ಮೊಣಕಾಲೂರಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತೇವೆ. ಅದರಲ್ಲಿ ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ’ ಎಂಬ ಮಾತು ಬರುವ ಕಡೆ ನಾಲ್ಕು ವಾರದಿಂದ ನನ್ನ ದನಿ ಏರುತ್ತಿತ್ತು. ಅದು ನನಗೆ ಗೊತ್ತಿತ್ತು. ಗೋಡೆಯಾಚೆಯವರಿಗೂ ಗೊತ್ತಾಗಿತ್ತು ಎಂಬುದು ಆ ದಿನ ತಿಳಿಯಿತು.

ನಾಲ್ಕು ವಾರದ ಹಿಂದೆ ಆದದ್ದು ಇಷ್ಟು. ತಂಗಿ ಒಂದು ಬುಧವಾರ ಶಾಲೆಯಿಂದ ನಾಲ್ಕೂವರೆಗೆ ಬರುವ ಬದಲು ಆರಕ್ಕೆ ಬಂದಳು. ಬರುವಾಗ ಹೊಸ ಬೀಗವೊಂದನ್ನು ತಂದು ತನ್ನ ಮಂಚದ ಕೆಳಗಿನ ಪೆಟ್ಟಿಗೆಗೆ ಹಾಕಿದಳು. ನಮ್ಮ ಮನೆಯಲ್ಲಿ ಎಲ್ಲ ಬೀಗಗಳ ಎರಡನೆಯ ಕೀಲಿಕೈ ನನ್ನ ಗೊಂಚಲಿನಲ್ಲಿರಬೇಕು. ಒಂದೊಂದಕ್ಕೂ ಪ್ಲಾಸ್ಟರ್ ಚೂರು ಅಂಟಿಸಿ ನಂಬರು ಬರೆದಿದ್ದೇನೆ. ನಾನು ಕೇಳುವ ಮೊದಲೇ ಅವಳು ಎರಡನೆಯ ಕೈಯನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಅದು ಏಳನೆಯ ನಂಬರಾಯಿತು. ಅಂದಿನಿಂದ ಪ್ರತಿ ಬುಧವಾರ ಅವಳು ಬರುವುದು ಆರು ಗಂಟೆಗೆ. ಏನೆಂದು ಹೇಳಲಿಲ್ಲ. ಸ್ವಲ್ಪ ಕೆಲಸ ಇತ್ತು ಎನ್ನುತ್ತಿದ್ದಳು, ಅಷ್ಟೆ.

ನನ್ನ ಕಣ್ಣು ಸುಮ್ಮನಿರುವ ಕಣ್ಣಲ್ಲ. ಅವಳು ನೀರಿನ ಕೊಡವನ್ನು ಎಡಗಡೆ ಎತ್ತುವುದನ್ನು ಬಿಟ್ಟಿದ್ದಳು. ಬಚ್ಚಲಿನಲ್ಲಿ ಹೆಚ್ಚು ಹೊತ್ತು ಇರುತ್ತಿದ್ದಳು. ರಾತ್ರಿ ಮುದ್ದೆ ಅರ್ಧಕ್ಕೆ ನಿಲ್ಲುತ್ತಿತ್ತು. ಕುಪ್ಪಸದ ಎಡಗಡೆಯನ್ನು ಸೆರಗಿನಿಂದ ಮುಚ್ಚುವ ರೀತಿಯೊಂದಿದೆ. ವಾರ್ಡಿನಲ್ಲಿ ಹೆಂಗಸರು ಡಾಕ್ಟರು ಬರುವ ಮೊದಲು ಹಾಗೆ ಮುಚ್ಚಿಕೊಳ್ಳುವುದನ್ನು ನೂರಾರು ಸಲ ನೋಡಿದ್ದೇನೆ. ಅದು ಏನಿರಬಹುದು ಎಂಬುದು ನನಗೆ ಎರಡನೆಯ ವಾರಕ್ಕೇ ಹೊಳೆದಿತ್ತು.

ಹಾಗಾದರೆ ಕೇಳಬಹುದಿತ್ತಲ್ಲ ಎಂದು ಯಾರಾದರೂ ಅಂದಾರು. ನಮ್ಮಲ್ಲಿ ಕೇಳುವ ಪದ್ಧತಿ ಇರಲಿಲ್ಲ, ನೋಡುವ ಪದ್ಧತಿ ಇತ್ತು. ಬೋರ್ಡಿಂಗಿನ ಮೇಟ್ರನ್ ಯಾವ ಹುಡುಗಿಯನ್ನೂ ಹೇಗಿದ್ದೀಯ ಎಂದು ಕೇಳಿದವರಲ್ಲ. ಉಗುರು ನೋಡುತ್ತಿದ್ದರು, ನಾಲಿಗೆ ನೋಡುತ್ತಿದ್ದರು, ಶನಿವಾರ ಪೆಟ್ಟಿಗೆ ತೆಗೆಸಿ ನೋಡುತ್ತಿದ್ದರು. ನಾನೂ ಅದನ್ನೇ ಕಲಿತೆ. ನನ್ನ ವಾರ್ಡಿನ ನರ್ಸಿಂಗ್ ಹುಡುಗಿಯರ ಕಪಾಟುಗಳನ್ನು ಹದಿನಾಲ್ಕು ವರ್ಷ ಪ್ರತಿ ಶನಿವಾರ ನೋಡಿದೆ. ಒಮ್ಮೆ ಒಬ್ಬ ಹುಡುಗಿಯ ಕಪಾಟಿನಲ್ಲಿ, ಮಡಿಸಿದ ಏಪ್ರನ್ನುಗಳ ಕೆಳಗೆ, ಅಂಚೆಗೆ ಹಾಕದ ಕಾಗದಗಳ ಕಟ್ಟು ಸಿಕ್ಕಿತು. ಹುಡುಗನಿಗೆ ಬರೆದದ್ದೆಂದು ತಿಳಿದು ಬಿಚ್ಚಿದೆ. ಅವು ಅವಳ ತಾಯಿಗೆ ಬರೆದವು. ತಾಯಿ ತೀರಿ ಎರಡು ವರ್ಷವಾಗಿತ್ತು. ನಾನು ನಾಲ್ಕು ಸಾಲು ಓದಿದ ಮೇಲೆ ಅದು ತಿಳಿಯಿತು. ಆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೆ ಅವಳು ಟ್ರೈನಿಂಗ್ ಮುಗಿಸಿ ಹೋಗುವವರೆಗೂ ನನ್ನ ಮುಖ ನೋಡಿ ಮಾತನಾಡಲಿಲ್ಲ. ಇನ್ನು ಯಾರ ಪೆಟ್ಟಿಗೆಯನ್ನೂ ಅವರ ಬೆನ್ನ ಹಿಂದೆ ತೆಗೆಯುವುದಿಲ್ಲ ಎಂದು ಅವತ್ತು ದೇವರ ಮುಂದೆ ಹೇಳಿದ್ದೆ. ಅದಕ್ಕೇ ಏಳನೆಯ ನಂಬರು ನನ್ನ ಸೊಂಟದಲ್ಲಿ ಅಷ್ಟು ಭಾರವಾಗಿದ್ದದ್ದು.

ಬುಧವಾರ ಮಧ್ಯಾಹ್ನ ಬಂದರೆ ಮನೆಯಲ್ಲಿ ನಾನೊಬ್ಬಳೇ. ಆರು ಗಂಟೆಯವರೆಗೂ ಯಾರೂ ಬರುವುದಿಲ್ಲ. ಹಿಂದಿನ ಬುಧವಾರಗಳನ್ನು ನಾನು ನನ್ನದೇ ಕ್ರಮದಲ್ಲಿ ದಾಟಿದ್ದೆ. ಒಂದು ಸಲ ಪರದೆಗಳನ್ನೆಲ್ಲ ಇಳಿಸಿ ಒಗೆದೆ. ಇನ್ನೊಂದು ಸಲ ಗಾಂಧಿಬಜಾರಿನವರೆಗೆ ಬಿಸಿಲಲ್ಲಿ ನಡೆದುಹೋಗಿ ಏನೂ ಕೊಳ್ಳದೆ ನಡೆದು ಬಂದೆ. ಮತ್ತೊಂದು ಸಲ ಕಾಟನ್‌ಪೇಟೆಗೆ ಹೋಗಿ, ಬೇಕಿಲ್ಲದ ನಾಲ್ಕು ಗಜ ಮಸ್ಲಿನ್ ತಂದು, ಬ್ಯಾಂಡೇಜಿನ ಅಳತೆಗೆ ಕತ್ತರಿಸಿ ಸುತ್ತಿಟ್ಟೆ. ಮನೆಗೆ ಮರಳಿದರೆ ಪೆಟ್ಟಿಗೆ ಅಲ್ಲೇ. ಕೂತರೆ ಕೂರಲಾಗುತ್ತಿರಲಿಲ್ಲ. ನೆಲ ಒರೆಸುವ ನೆವದಲ್ಲಿ ಮಂಚದ ಹತ್ತಿರ ಹೋಗುವುದು, ಬೀಗ ಸರಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡುವುದು, ಬರುವುದು. ಪ್ರಾರ್ಥನೆ ಮಾಡುತ್ತಿರಲಿಲ್ಲವೆಂದಲ್ಲ. ಮಾಡುತ್ತಿದ್ದೆ. ಆದರೆ ನೈಟ್ ಡ್ಯೂಟಿಯವರು ಮೇಲಿನವರಿಗೆ ವರದಿ ಒಪ್ಪಿಸುವ ಹಾಗೆ ಮಾಡುತ್ತಿದ್ದೆ. ವಿಷಯ ತಿಳಿಸಿದೆ, ಇನ್ನು ನಾನು ನೋಡಿಕೊಳ್ಳುತ್ತೇನೆ, ಎಂಬಂತೆ. ಸಹಾಯ ಬೇಕು ಎಂದು ಹೇಳಿದವಳು ಸಹಾಯ ಬಂದರೆ ಪಡೆದುಕೊಳ್ಳಲು ಕೈ ಖಾಲಿ ಇಟ್ಟುಕೊಂಡಿರಲಿಲ್ಲ.

ಆ ಬುಧವಾರ ತಂಗಿ ಎಂಟು ಗಂಟೆಯ ಬಸ್ಸಿಗೆ ಹೋದ ಮೇಲೆ ನಾನು ಬಿಂದಿಗೆ ಹಿಡಿದು ಹೊರಗಿನ ನಲ್ಲಿಗೆ ಹೋದೆ. ಅಲ್ಲಿ ಮನೆಯ ಒಡತಿ ಸಾಲಿನಲ್ಲಿ ನನಗಿಂತ ಮುಂದಿದ್ದರು. ಅವರದ್ದು ಮೂರು ತಲೆಮಾರಿನಿಂದ ಅದೇ ಬೀದಿ. ಎಪ್ಪತ್ತು ದಾಟಿದ್ದರೂ ನೀರು ತಾವೇ ಹಿಡಿಯುತ್ತಿದ್ದರು.

“ಸಿಸ್ಟರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದರು. “ದಿನಾ ಬೆಳಿಗ್ಗೆ ದೇವರ ಹತ್ರ ಶೋಧನೆ ಬೇಡ ಶೋಧನೆ ಬೇಡ ಅಂತೀರಲ್ಲ, ಇತ್ತೀಚೆಗೆ ಜೋರಾಗಿ ಬೇರೆ. ಯಾರಾದ್ರೂ ಬಂದು ನಿಮ್ಮನೆ ಜಾಲಾಡ್ತಾರಾ? ಇನ್‌ಕಮ್ ಟ್ಯಾಕ್ಸ್‌ನೋರು ಬರೋ ಅಂಥದ್ದು ಏನಿಟ್ಟಿದೀರಿ ನೀವು?”

ನಾನು ನಗದೆ ವಿವರಿಸಿದೆ. ನಮ್ಮ ಕ್ರೈಸ್ತ ಸಭೆಯಲ್ಲಿ ಆ ಮಾತಿನ ಅರ್ಥ ಬೇರೆ, ಮನುಷ್ಯನಿಗೆ ಆಸೆ ಹುಟ್ಟಿಸಿ ಕೆಡವುವುದಕ್ಕೆ ನಾವು ಶೋಧನೆ ಎನ್ನುತ್ತೇವೆ ಎಂದೆ.

“ಅದಕ್ಕೆ ಆಮಿಷ ಅನ್ನಿ. ಪೇಪರಲ್ಲಿ ಶೋಧನೆ ಅಂದ್ರೆ ಇನ್ನೊಬ್ರ ಪೆಟ್ಟಿಗೆ ತೆಗೆದು ಹುಡುಕೋದು. ನಾನು ಮೂರು ವರ್ಷದಿಂದ, ಪಾಪ, ಇವರ ಮನೇಲಿ ಏನೋ ಕಳೆದಿದೆ ಅಂದ್ಕೊಂಡಿದ್ದೆ,” ಎಂದು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡರು. ಹೋಗುವಾಗ, ಹಳ್ಳಿಯಿಂದ ಒಂದು ಮೂಟೆ ಹುಣಸೆಹಣ್ಣು ಬಂದಿದೆ, ಬೀಜ ಬಿಡಿಸೋಕೆ ಕೈ ಸಾಲದು, ಮಧ್ಯಾಹ್ನ ಬಿಡುವಿದ್ದರೆ ಬನ್ನಿ ಎಂದರು. ಬುಧವಾರ ನನಗೆ ಬಿಡುವಿರುವುದಿಲ್ಲ ಎಂದೆ.

ನನ್ನ ಬಿಂದಿಗೆ ತುಂಬಿ ಹರಿಯುತ್ತಿತ್ತು. ಹಿಂದಿನವರು ಎಚ್ಚರಿಸಬೇಕಾಯಿತು. ಅಕ್ಷರ ಬರುವ ಮೊದಲಿನಿಂದ ಬಾಯಲ್ಲಿ ಆಡಿಕೊಂಡು ಬಂದ ಮಾತು ಅದು. ಇನ್ನೊಬ್ಬರ ಪೆಟ್ಟಿಗೆ ತೆಗೆದು ಹುಡುಕುವುದು. ನಾನು ಅದಕ್ಕೆ ತಪಾಸಣೆ, ಕಾಳಜಿ, ಕರ್ತವ್ಯ ಎಂದೆಲ್ಲ ಹೆಸರಿಟ್ಟಿದ್ದೆ. ಅದನ್ನು ಅದರ ಹೆಸರಿನಿಂದ ಕರೆಯಲು ನಮ್ಮ ಸಭೆಯ ಹೊರಗಿನವರೊಬ್ಬರು ತಪ್ಪರ್ಥ ಮಾಡಿಕೊಳ್ಳಬೇಕಾಯಿತು. ಪ್ರಾರ್ಥನೆಗೆ ಉತ್ತರ ನಲ್ಲಿಯ ಹತ್ತಿರವೂ ಬರಬಹುದು ಎಂದು ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಎಂದೂ ಪ್ರಸಂಗದಲ್ಲಿ ಹೇಳಿದ್ದಿಲ್ಲ.

ಗೊತ್ತಾದ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ ಅದು. ಮಧ್ಯಾಹ್ನ ಎರಡು ಗಂಟೆಗೆ ನಾನು ತಂಗಿಯ ಮಂಚದ ಪಕ್ಕ ಮೊಣಕಾಲೂರಿದ್ದೆ. ಪೆಟ್ಟಿಗೆಯನ್ನು ಎಳೆದಿದ್ದೆ. ಏಳನೆಯ ಕೈ ಬೀಗದಲ್ಲಿತ್ತು. ಈ ಸಲ ಕೆಟ್ಟ ಕುತೂಹಲ ನನ್ನನ್ನು ಎಳೆದು ತಂದದ್ದಲ್ಲ, ಬಂದದ್ದು ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿದಂಥ ಒಂದು ಕಾರಣ. ನೀನು ನರ್ಸ್, ಇಂಥ ಕಾಯಿಲೆಯಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ, ಅವಳು ಸತ್ತರೆ ನಿನ್ನ ಆಣೆಯನ್ನು ಯಾರ ಮುಂದೆ ಇಡುತ್ತೀಯ, ತೆಗೆ. ಆ ಮಾತನ್ನು ಈಗಲೂ ಪೂರ್ತಿ ತಳ್ಳಿಹಾಕಲಾರೆ. ಕೈ ಅರ್ಧ ತಿರುಗಿತ್ತು.

“ಕರ್ತನೇ, ನನ್ನಿಂದ ಆಗ್ತಾ ಇಲ್ಲ,” ಎಂದೆ. ಅಷ್ಟೇ ಅಂದದ್ದು. ಬೆಳಗಿನ ಪ್ರಾರ್ಥನೆಯ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಸಮಾಧಾನವೂ ಬರಲಿಲ್ಲ. ಯಾರೂ ನನ್ನ ಕೈ ಹಿಡಿದು ತೆಗೆಯಲಿಲ್ಲ. ಹುಣಸೆಹಣ್ಣಿನ ನೆನಪು ಬಂತು. ಅಷ್ಟು ಸಣ್ಣ ನೆನಪು. ಬೀಗದ ಕೈ ಎಳೆದುಕೊಂಡು, ಪೆಟ್ಟಿಗೆ ಒಳಗೆ ತಳ್ಳಿ, ಎದ್ದು, ಬಾಗಿಲು ಹಾಕಿಕೊಂಡು ಪಕ್ಕದ ಮನೆಯ ಜಗಲಿಗೆ ಹೋದೆ.

ಒಡತಿ ಏನೂ ಕೇಳದೆ ಒಂದು ಮಣೆ, ಒಂದು ಕಲ್ಲು, ಒಂದು ಗುಡ್ಡೆ ಹಣ್ಣು ಮುಂದಿಟ್ಟರು. ಹುಣಸೆಹಣ್ಣು ಬಿಡಿಸಿದವರಿಗೆ ಗೊತ್ತು, ಹತ್ತು ನಿಮಿಷದಲ್ಲಿ ಮೊಣಕೈವರೆಗೆ ಅಂಟು. ಆ ಕೈಯಲ್ಲಿ ಗೊಂಚಲು ಮುಟ್ಟುವಂತಿಲ್ಲ, ಸೆರಗು ಸರಿಪಡಿಸಿಕೊಳ್ಳುವಂತಿಲ್ಲ, ಎದ್ದು ಹೋಗಬೇಕೆಂದರೆ ಮೊದಲು ನೀರು ಕೇಳಬೇಕು. ಕೂತ ಮೂರೂವರೆ ಗಂಟೆಯಲ್ಲಿ ನನಗೆ ಐದು ಸಲ ಎದ್ದುಹೋಗುವ ಹಾಗಾಯಿತು. ಏಳಲು ನೋಡಿದಾಗಲೆಲ್ಲ ಅವರು ಇನ್ನೊಂದು ಗುಡ್ಡೆ ಸುರಿಯುತ್ತಿದ್ದರು. ನಾರು ಬಿಡಿಸಿದ್ದು ಸಾಲದು ಎಂದು ನನ್ನನ್ನು ಎರಡು ಸಲ ಬೈದರು. ಆಸ್ಪತ್ರೆ ಬಿಟ್ಟ ಮೇಲೆ ಕೆಲಸದ ವಿಷಯಕ್ಕೆ ನನ್ನನ್ನು ಬೈದವರು ಅವರೊಬ್ಬರೇ. ದೇವರ ಸಹಾಯ ಎಂದರೆ ನನ್ನ ಪಾಲಿಗೆ ಅಂದು ಆ ಅಂಟು. ಅದಕ್ಕಿಂತ ದೊಡ್ಡ ಮಾತಿನಲ್ಲಿ ಹೇಳಿದರೆ ಸುಳ್ಳಾಗುತ್ತದೆ.

ಮಧ್ಯೆ ನಾನು ಅವರನ್ನು ಕೇಳಿದೆ. ಒಬ್ಬರು ಏನೋ ಮುಚ್ಚಿಟ್ಟುಕೊಂಡಿದ್ದಾರೆ, ಅವರನ್ನು ಹೇಗೆ ಕೇಳುವುದು ಎಂದು.

“ಬಾಯಿಂದ ಸಿಸ್ಟರ್,” ಎಂದರು. “ಇನ್ನೆಲ್ಲಿಂದ ಕೇಳ್ತಾರೆ?”

ಐದೂ ಮುಕ್ಕಾಲಿಗೆ ಕೈ ತೊಳೆದುಕೊಂಡು ಮನೆಗೆ ಬಂದೆ. ಐದೂ ಐವತ್ತಕ್ಕೆ ತಂಗಿ ಬಂದಳು. ಜಗಲಿಯಲ್ಲಿ ಕೂತು ನಾನು ನಾಲ್ಕೈದು ರೀತಿಯ ಪೀಠಿಕೆ ಹೊಂದಿಸಿಕೊಂಡಿದ್ದೆ. ಅವಳು ಚಪ್ಪಲಿ ಬಿಡುತ್ತಿದ್ದಾಗಲೇ ಎಲ್ಲ ಮರೆತು, “ನಿನ್ನ ಎಡಗಡೆ ಏನಾಗಿದೆ?” ಎಂದುಬಿಟ್ಟೆ.

ಅವಳು ಕೊಡೆಯನ್ನು ಮೊಳೆಗೆ ತಗುಲಿಸಿದಳು. ನನ್ನ ಕೈಯೆಲ್ಲ ಯಾಕೆ ಕಪ್ಪಗಿದೆ ಎಂದು ಕೇಳಿದಳು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ.

“ಪೆಟ್ಟಿಗೆ ನೋಡಿದ್ಯಾ?”

“ಇಲ್ಲ.”

“ನೋಡೇ ಇಲ್ವಾ?”

ಅವಳು ಕುರ್ಚಿಯಲ್ಲಿ ಕೂತಳು. ಮುಖದಲ್ಲಿ ನೆಮ್ಮದಿ ಕಾಣುತ್ತದೆ ಎಂದು ನಾನು ಕಾದಿದ್ದೆ. ಕಂಡದ್ದು ಸಿಟ್ಟು.

“ಕೀ ಕೈಗೇ ಕೊಟ್ಟಿದ್ದೆನಲ್ಲಕ್ಕ. ನಾಲ್ಕು ವಾರ ಆಯ್ತು. ನೀನು ತೆಗೆದು ನೋಡ್ತೀಯ, ಬಂದು ಬೈತೀಯ, ಕೈ ಹಿಡಿದು ಎಳ್ಕೊಂಡು ಹೋಗ್ತೀಯ ಅಂತ ಕಾಯ್ತಿದ್ದೆ.”

“ಹಾಗಿದ್ರೆ ಬೀಗ ಯಾಕೆ ಹಾಕಿದೆ?”

“ಬೀಗ ಇಲ್ಲದ್ದನ್ನ ನೀನು ಯಾವತ್ತು ನೋಡಿದೀಯ?”

ಆಮೇಲೆ ಅವಳು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಜನವರಿಯ ಕೊನೆಯಲ್ಲಿ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಒಂದು ಶನಿವಾರ ಶಾಲೆ ಅರ್ಧ ದಿನವಿದ್ದಾಗ, ಬುಧವಾರ ಸಂಜೆ ಮಾತ್ರ ದೊಡ್ಡ ಡಾಕ್ಟರು ಬರುವ ಒಂದು ನರ್ಸಿಂಗ್ ಹೋಮಿಗೆ ಹೋಗಿ ಸೂಜಿ ಹಾಕಿ ಪರೀಕ್ಷೆ ಮಾಡಿಸಿಕೊಂಡಳು. ಮೊದಲ ಬುಧವಾರ ರಿಪೋರ್ಟಿನ ಕವರು ಕೊಟ್ಟು, ಡಾಕ್ಟರಿಗೆ ತೋರಿಸಿ ಎಂದರು. ಅವಳು ತೋರಿಸದೆ, ಕವರು ಒಡೆಯದೆ, ಬೀಗ ಕೊಂಡು ಮನೆಗೆ ಬಂದಳು. ಆಮೇಲಿನ ಪ್ರತಿ ಬುಧವಾರ ಹೋಗಿ ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕೂರುವುದು, ತನ್ನ ನಂಬರು ಎರಡು ದೂರ ಇದೆ ಎನ್ನುವಾಗ ಎದ್ದು ಬಂದುಬಿಡುವುದು. ಕವರನ್ನು ಬೇಕೆಂದೇ ಪೆಟ್ಟಿಗೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ರಿಪೋರ್ಟ್ ಕೈಯಲ್ಲಿಲ್ಲ ಎಂದರೆ ಎದ್ದು ಬರಲು ತನಗೊಂದು ನೆವ ಸಿಗುತ್ತದೆ ಎಂದಳು. ಅಂದೂ ಎದ್ದು ಬಂದಿದ್ದಳು.

ನಾನು ಕೇಳುತ್ತ ನಿಂತೇ ಇದ್ದೆ. ಹಾಗಾದರೆ ನಾನು ಇಷ್ಟು ದಿನ ಗೆದ್ದೆನೋ, ಸೋತೆನೋ? ಮೊದಲ ವಾರವೇ ಪೆಟ್ಟಿಗೆ ತೆಗೆದಿದ್ದರೆ ಅವಳ ನಾಲ್ಕು ವಾರ ಉಳಿಯುತ್ತಿತ್ತು. ಅವಳೇ ಅದನ್ನು ಬಯಸಿದ್ದಳು. ಈ ಲೆಕ್ಕ ನನಗೆ ಹಲವು ವರ್ಷ ನಿದ್ದೆ ಕೊಡಲಿಲ್ಲ. ಒಂದು ಮಾತ್ರ ಗೊತ್ತು. ತೆಗೆದಿದ್ದರೆ ನಾನು ಅವಳನ್ನು ಹನ್ನೆರಡನೇ ಬೆಡ್ಡಿನ ರೋಗಿಯ ಹಾಗೆ ನಡೆಸಿಕೊಳ್ಳುತ್ತಿದ್ದೆ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಸಿ, ಒಂದು ಸಲವೂ ಏನಾಗಿದೆ ಎಂದು ಅವಳ ಬಾಯಿಂದ ಕೇಳದೆ. ನಾನು ದೇವರನ್ನು ಕೇಳಿಕೊಂಡದ್ದು ಕೈಯನ್ನು ತಡೆ ಎಂದು ಮಾತ್ರ. ಬಾಯಿಯನ್ನು ತೆರೆ ಎಂದೂ ಕೇಳಬೇಕಿತ್ತು, ಮೊದಲ ದಿನವೇ ಕೇಳಬೇಕಿತ್ತು. ಬೇಡಿಕೆಯಲ್ಲಿ ಅರ್ಧ ಬಿಟ್ಟುಹೋಗಿತ್ತು. ಆ ತಪ್ಪು ನನ್ನದು.

“ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?” ಎಂದಳು.

ಬೇಕಾಯಿತು ಎಂದೆ. ಬೇರೆ ಸಮಜಾಯಿಷಿ ಕೊಡಲಿಲ್ಲ.

ಅವಳು ತನ್ನ ಕೈಯಿಂದ ತನ್ನ ಬೀಗ ತೆಗೆದು ಕವರು ತಂದು ನನ್ನ ಮುಂದೆ ಹಿಡಿದಳು. ನೀನೇ ಒಡೆ ಎಂದೆ. ಅವಳು ಓರೆಯಾಗಿ ಹರಿದಳು, ಒಳಗಿನ ಕಾಗದದ ಮೂಲೆಯೂ ಹರಿಯಿತು. ನಾನು ಎರಡು ಸಲ ಓದಿದೆ. ಅವಳು ಕನ್ನಡದಲ್ಲಿ ಹೇಳು ಎಂದಳು. ಇದರಲ್ಲಿ ಖಚಿತವಾಗಿಲ್ಲ, ಸಂಶಯವಿದೆ, ಗಂಟು ತೆಗೆದು ನೋಡಬೇಕು ಎಂದು ಬರೆದಿದ್ದಾರೆ ಎಂದು ಹೇಳಿದೆ. ಇದ್ದದ್ದಕ್ಕಿಂತ ಹಗುರ ಮಾಡಲಿಲ್ಲ, ಭಾರವನ್ನೂ ಮಾಡಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ನನಗೆ ಸೇರದು. ಅದು ಕೆಟ್ಟ ಜಾತಿಯ ಗಂಟೇ ಆಗಿತ್ತು, ಆದರೆ ಚಿಕ್ಕದಿತ್ತು. ಆಪರೇಷನ್, ಆಮೇಲಿನ ಔಷಧ, ಉದುರಿದ ಕೂದಲು, ಎಲ್ಲ ಆಯಿತು. ಅವಳು ಮತ್ತೆ ಶಾಲೆಗೆ ಹೋದಳು. ಎರಡು ಸಾವಿರದ ಎರಡರಲ್ಲಿ ನಿವೃತ್ತಳಾದಳು. ಆ ನಾಲ್ಕು ವಾರದ ಬೆಲೆ ಎಷ್ಟಿತ್ತೆಂದು ನಾನು ಡಾಕ್ಟರನ್ನು ಕೇಳಲಿಲ್ಲ.

ಆ ಸಂಜೆ ಆರೂಕಾಲಿಗೆ ಚರ್ಚಿನ ಗಂಟೆ ಹೊಡೆಯಿತು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಕಾಲದ ಬುಧವಾರದ ಆರಾಧನೆ. ಊರಿನಲ್ಲಿದ್ದು ಅದನ್ನು ನಾನು ತಪ್ಪಿಸಿದ್ದು ಅದೇ ಮೊದಲು. ನಾನು ಕಲಿತ ಆಸ್ಪತ್ರೆಯ ಸರ್ಜನ್ ಒಬ್ಬರಿಗೆ ಗುರುವಾರ ಬೆಳಿಗ್ಗೆ ಹೊರರೋಗಿಗಳ ಡ್ಯೂಟಿ ಎಂಬುದು ನನಗೆ ಗೊತ್ತಿತ್ತು. ನಾಳೆ ಏಳಕ್ಕೆ ಹೊರಡೋಣ, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ. ತಂಗಿ ತಲೆಯಾಡಿಸಿದಳು. ತಲೆಯಾಡಿಸುವಾಗಲೂ ಅವಳ ಕಾಲು ಅಲುಗುತ್ತಿತ್ತು. ಪ್ರಾರ್ಥನೆ ಮಾಡೋಣವೇ ಎಂದು ನಾನು ಪುಸ್ತಕಕ್ಕೆ ಕೈ ಚಾಚಿದೆ. ಅವಳು ಅದನ್ನು ಬಿಡು ಎಂದು ಸನ್ನೆ ಮಾಡಿ, ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದಳು. ಮೂರು ವರ್ಷದಲ್ಲಿ ಅವಳು ತನ್ನ ಮಾತಿನಲ್ಲಿ ಪ್ರಾರ್ಥಿಸಿದ್ದನ್ನು ನಾನು ಕೇಳಿರಲಿಲ್ಲ.

“ಕರ್ತನೇ, ನಾಳೆ ನಾನು ಎದ್ದು ಓಡಿಬರ್ತೀನಿ. ನನಗೆ ಗೊತ್ತು. ನೀನೇ ಕೂರಿಸ್ಕೋ,” ಎಂದಳು.

ನಾನು ಆಮೆನ್ ಎಂದೆ. ಆ ಮಾತು ನನ್ನ ಬಾಯಿಂದ ಹಾಗೆ ಒರಟಾಗಿ ಬಂದದ್ದು ಅಪರೂಪ.

ಶಾಲೆಗೆ ರಜಾ ಅರ್ಜಿ ಬರೆಯಬೇಕಿತ್ತು. ಹಾಳೆ ತಂದು ನಾನೇ ಬರೆದೆ. ನಾನು ‘ವೈಧ್ಯಕೀಯ’ ಎಂದು ಬರೆದದ್ದನ್ನು ನೋಡಿ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಇದ್ದುಕೊಂಡು ಇದನ್ನೂ ಸರಿಯಾಗಿ ಬರೆಯಲು ಬರುವುದಿಲ್ಲವೇ ಎಂದು ಟೀಚರಮ್ಮ ಪೆನ್ನು ಕಸಿದುಕೊಂಡು ತಿದ್ದಿದಳು. ಮೂವತ್ತಾರು ವರ್ಷ ಎಂದು ನಾನೂ ತಿದ್ದಿದೆ. ಚಿತ್ತಾಯಿತೆಂದು ಇನ್ನೊಂದು ಹಾಳೆಯಲ್ಲಿ ಮತ್ತೆ ಬರೆದೆ. ಅವಳು ಸಹಿ ಹಾಕಿದಳು. ಅವಳ ಹೆಡ್ಮೇಡಂ ನಮ್ಮದೇ ಬಡಾವಣೆಯಲ್ಲಿ ಮೂರು ಅಡ್ಡರಸ್ತೆ ಆಚೆಗಿದ್ದರು. ನಡೆದುಹೋಗಿ ಅರ್ಜಿಯನ್ನು ಅವರ ಕೈಗೇ ಕೊಟ್ಟೆ. ಎಷ್ಟು ದಿನವಾಗಬಹುದು ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. ಅವರು ರಜೆ ಮುಗಿಯುವ ದಿನಾಂಕದ ಜಾಗ ಖಾಲಿ ಬಿಟ್ಟು, ಕನ್ನಡಕ ಹಾಕಿಕೊಂಡು, ಬಾಗಿಲಲ್ಲೇ ನಿಂತು ಮಂಜೂರು ಮಾಡಿದರು. ಆಗ ಏಳೂ ಇಪ್ಪತ್ತು.